ಕ್ರಾಸಿಂಗಿನ ಲೆಕ್ಕ

ಬಾರ್ಕೂರು, ಕುಂದಾಪುರ, ಬೈಂದೂರು ಕಡೆ ರೈಲು ನಿಂತಲ್ಲೇ ನಿಂತರೆ ಎಲ್ಲರೂ ಹೇಳುವುದು ಒಂದೇ: "ಕ್ರಾಸಿಂಗ್ ಉಂಟು." ಕೊಂಕಣ ರೈಲ್ವೆಯದು ಇಲ್ಲಿ ಒಂಟಿ ಹಳಿ; ಎದುರಿನ ಗಾಡಿ ದಾಟುವ ತನಕ ಒಂದು ಗಾಡಿ ಕಾಯಲೇಬೇಕು. ಯಾವ ಗಾಡಿಯನ್ನು ಎಲ್ಲಿ, ಎಷ್ಟು ಹೊತ್ತು ನಿಲ್ಲಿಸಿದರೆ ಒಟ್ಟು ವಿಳಂಬ ಕಡಿಮೆಯಾದೀತು? ಇಂಥ ಲೆಕ್ಕಗಳ ಶಾಸ್ತ್ರವೇ ಆಪರೇಷನ್ಸ್ ರಿಸರ್ಚ್.

ಈ ಶಾಸ್ತ್ರದ ಅತ್ಯುತ್ತಮ ಪಿಎಚ್‌ಡಿ ಪ್ರಬಂಧಕ್ಕೆ ಅಮೆರಿಕದ ಇನ್‌ಫಾರ್ಮ್ಸ್ ಸಂಸ್ಥೆ ಜಾರ್ಜ್ ಡಾಂಟ್ಸಿಗ್ ಹೆಸರಿನ ಪ್ರಶಸ್ತಿ ಕೊಡುತ್ತದೆ. 1947ರಲ್ಲಿ ಈ ಶಾಸ್ತ್ರದ ಮುಖ್ಯ ಸಾಧನಗಳಲ್ಲೊಂದಾದ ಸಿಂಪ್ಲೆಕ್ಸ್ ವಿಧಾನ ಕೊಟ್ಟವರು ಅವರು. ಪ್ರಶಸ್ತಿಗೆ ಹೊಸತನವೊಂದೇ ಸಾಲದು, ಪ್ರಬಂಧ ಬಳಕೆಗೂ ಬರಬೇಕು. ನನಗೆ ತುಂಬ ಹಿಡಿಸಿದ್ದು ಈ ಷರತ್ತು.

ನಮ್ಮೂರಿನ ಗಣಿತದ ಮಕ್ಕಳೇ, ವಿಷಯ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಗಂಗೊಳ್ಳಿ ಬಂದರಿನಲ್ಲಿ ಮೀನು ಇಳಿಸಲು ಕಾಯುವ ಬೋಟುಗಳ ಸಾಲೂ ಪಿಎಚ್‌ಡಿಗೆ ತಕ್ಕ ಪ್ರಶ್ನೆಯೇ. ಯಾರಾದರೂ ಕೈಗೆತ್ತಿಕೊಳ್ಳಿ.