ಮನೆಯ ಕತೆಯಾದ ಎಲ್ಲಮ್ಮ

ಸ್ಟಾರ್ ಸುವರ್ಣ ವಾಹಿನಿಯಲ್ಲಿ 2023ರಲ್ಲಿ ಪ್ರಸಾರವಾದ ‘ಉಧೋ ಉಧೋ ಶ್ರೀ ರೇಣುಕಾ ಯಲ್ಲಮ್ಮ’ ಹೆಸರಿಗೆ ಭಕ್ತಿ ಧಾರಾವಾಹಿ. ಅದರ ಮೂಲಕತೆ ಮಾತ್ರ ಅಪ್ಪಟ ಸಂಸಾರದ್ದು. ಎಲ್ಲಮ್ಮನೆಂದು ಪೂಜೆಗೊಳ್ಳುವ ರೇಣುಕೆ ದಿನವೂ ಹೊಳೆಯ ಮರಳಿನಲ್ಲಿ ಕೊಡ ಮಾಡಿ, ಹಾವನ್ನು ಸಿಂಬೆ ಸುತ್ತಿ ನೀರು ಹೊರುತ್ತಾಳೆ. ಗಂಧರ್ವರ ಜಲಕ್ರೀಡೆ ಕಂಡು ಒಂದು ಗಳಿಗೆ ಮನಸ್ಸು ಅತ್ತ ಹರಿಯುತ್ತದೆ, ಕೊಡ ನಿಲ್ಲುವುದಿಲ್ಲ. ಗಂಡ ಜಮದಗ್ನಿ ಸಿಟ್ಟಾಗಿ ಅವಳನ್ನು ಕೊಲ್ಲಲು ಮಕ್ಕಳಿಗೆ ಹೇಳುತ್ತಾನೆ, ಹಿರಿಯ ಮಕ್ಕಳು ತಾಯಿಯ ಮೇಲೆ ಕೈಯೆತ್ತಲು ಒಪ್ಪುವುದಿಲ್ಲ, ಕಿರಿಮಗ ಪರಶುರಾಮ ಕೊಡಲಿ ಎತ್ತುತ್ತಾನೆ. ಆಮೇಲೆ ಅವನೇ ವರ ಬೇಡಿ ತಾಯಿಯ ಜೀವ ಮರಳಿ ಪಡೆಯುತ್ತಾನೆ. ಗಂಡನ ಅನುಮಾನ, ತಾಯಿ-ಮಗನ ಸಂಕಟ: ಧಾರಾವಾಹಿಗೆ ಇನ್ನೇನು ಬೇಕು?

ನವಲಿ, ಕನಕಗಿರಿ, ಗಂಗಾವತಿ ಸೀಮೆಗೆ ಈ ಕತೆ ಟಿವಿಯಿಂದ ಬಂದದ್ದಲ್ಲ. ಕೊಪ್ಪಳ ತಾಲ್ಲೂಕಿನ ಹುಲಿಗಿಯಲ್ಲಿ, ತುಂಗಭದ್ರೆಯ ದಂಡೆಯ ಮೇಲಿರುವ ಹುಲಿಗೆಮ್ಮನಿಗೂ ಸವದತ್ತಿಯ ಎಲ್ಲಮ್ಮನಿಗೂ ಭಕ್ತರು ನಂಟು ಹೇಳುತ್ತಾರೆ. ಮಂಗಳವಾರ, ಶುಕ್ರವಾರ, ಹುಣ್ಣಿಮೆಗಳಂದು ಅಲ್ಲಿ ಜನವೋ ಜನ. ಕೂಗು ಅದೇ ‘ಉಧೋ ಉಧೋ’.

ಎಲ್ಲಮ್ಮನ ಸೇವೆಗೆ ನಿಂತ ಜೋಗತಿಯರು ಈ ಕತೆಯನ್ನು ಚೌಡಿಕೆ ಎಂಬ ವಾದ್ಯದ ಜೊತೆ ಹಾಡುತ್ತ ಬಂದಿದ್ದಾರೆ. ಒಂದು ಬದಿಗೆ ಚರ್ಮ ಬಿಗಿದ ಟೊಳ್ಳು ಮರ, ಒಳಗಿಂದ ಹಾದ ಒಂದೇ ತಂತಿ. ತಂತಿಯನ್ನು ಮೀಟುತ್ತ, ಬಿಗಿದು ಸಡಿಲಿಸಿದರೆ ದನಿ ಏರಿಳಿಯುತ್ತದೆ. ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ ಇದೇ ಪರಂಪರೆಯವರು; 2021ರಲ್ಲಿ ಪದ್ಮಶ್ರೀ ಪಡೆದರು. ಚೌಡಿಕೆಯವರು ರಾತ್ರಿಯೊಂದರಲ್ಲಿ ಮುಗಿಸಬಲ್ಲ ಕತೆಯನ್ನು ಟಿವಿ ತಿಂಗಳುಗಟ್ಟಲೆ ಎಳೆಯುತ್ತದೆ.