ಹತ್ತು ಒಲೆಯ ಅಡಿಗೆಮನೆ

ಮಕ್ಕಳಿರುವ ಮನೆಗೆ ಆಟದ ಕನ್ಸೋಲೊಂದು ಬಂದು ಸೇರಿತೆಂದರೆ ಗೃಹಸ್ಥನಿಗೆ ಹೊಸದೊಂದು ಚಿಂತೆಯೂ ಅದರ ಬೆನ್ನಿಗೇ ಬರುತ್ತದೆ. ಹೊಸ ಆಟಗಳೆಲ್ಲ ಹೊಸ ‘ಎಂಜಿನ್’ನಲ್ಲಿ ತಯಾರಾಗುತ್ತಿವೆಯಂತೆ, ಮನೆಯಲ್ಲಿರುವ ಸಣ್ಣ ಯಂತ್ರ ಅವನ್ನು ತಾಳಿಕೊಂಡೀತೆ? ತಾಳದಿದ್ದರೆ ಮತ್ತೊಂದನ್ನು ಕೊಳ್ಳಬೇಕು; ಕೊಳ್ಳದಿದ್ದರೆ ಓರಗೆಯವರ ಮಾತಿನ ನಡುವೆ ಮಗು ಮೂಕವಾಗಿ ಕುಳಿತಿರಬೇಕು. ಪ್ರಶ್ನೆ ಯಂತ್ರದ್ದಾದರೂ ಸಂಕಟ ಸಂಸಾರದ್ದು.

ಈ ಎಂಜಿನ್ ಹೊಗೆಯುಗುಳುವ ವಸ್ತುವಲ್ಲ. ಆಟದೊಳಗಿನ ಬೆಳಕು, ನೆರಳು, ಓಟ, ಢಿಕ್ಕಿಗಳೆಲ್ಲವನ್ನೂ ಸಿದ್ಧಪಡಿಸುವ ಅಡಿಗೆಮನೆ ಅದು. ಅಡಿಗೆಮನೆಯಲ್ಲಿ ಹತ್ತು ಒಲೆಗಳಿವೆಯೆಂದು ಹತ್ತನ್ನೂ ಹೊತ್ತಿಸಲೇಬೇಕೆಂಬ ಕಟ್ಟಳೆಯೇನೂ ಇಲ್ಲ.

2017ರಲ್ಲಿ ಬಂದ ನಿಂಟೆಂಡೊ ಸ್ವಿಚ್ಚಿನ ಮೆಮೊರಿ 4 ಗಿಗಾಬೈಟ್. 2020ರ ಪ್ಲೇಸ್ಟೇಷನ್ 5ರದು 16. ಆದರೂ 2021ರ ಡಿಸೆಂಬರಿನಲ್ಲಿ ‘ಫೋರ್ಟ್‌ನೈಟ್’ ಆಟ ಅನ್‌ರಿಯಲ್ ಎಂಜಿನ್ 5ಕ್ಕೆ ಬದಲಾದಾಗ ಸ್ವಿಚ್ಚಿನಲ್ಲಿ ಅದು ನಿಂತುಹೋಗಲಿಲ್ಲ. ಕಲ್ಲುಗೋಡೆಗಳನ್ನು ಅಸಂಖ್ಯ ಸೂಕ್ಷ್ಮ ತ್ರಿಕೋನಗಳಿಂದ ಮೂಡಿಸುವ ನ್ಯಾನೈಟ್, ಬೆಳಕು ಚಿಮ್ಮಿ ಹರಡುವ ಬಗೆಯನ್ನು ಕ್ಷಣಕ್ಷಣಕ್ಕೂ ಲೆಕ್ಕಹಾಕುವ ಲ್ಯೂಮೆನ್ — ಈ ಎರಡು ದೊಡ್ಡ ಒಲೆಗಳನ್ನು ಮರುವರ್ಷ ಬಲಿಷ್ಠ ಯಂತ್ರಗಳಲ್ಲಿ ಹೊತ್ತಿಸಿದರು, ಸ್ವಿಚ್ಚಿನಲ್ಲಿ ಹೊತ್ತಿಸಲಿಲ್ಲ. ಅದಕ್ಕೂ ಮೊದಲು, 2017ರಲ್ಲಿ, ‘ಡೂಮ್’ ಆಟವನ್ನು ಸ್ವಿಚ್ಚಿಗೆ ತಂದವರು ಸೆಕೆಂಡಿಗೆ 60ರಂತೆ ಓಡುತ್ತಿದ್ದ ಚಿತ್ರಗಳನ್ನು 30ಕ್ಕೆ ಇಳಿಸಿದರು. ನೋಟವನ್ನು ತುಸು ಮಸುಕುಗೊಳಿಸಿದರು. ಕಣ್ಣಿಗೆ ಕೊಂಚ ನಷ್ಟವಾಯಿತು, ಕಥೆ ಉಳಿಯಿತು.

ಹಾಗೆಂದು ಎಲ್ಲವನ್ನೂ ಬಿಡಲಾಗದು. ಬೆಳಕನ್ನು ಕುಗ್ಗಿಸಬಹುದು, ನೆರಳನ್ನು ತೊರೆಯಬಹುದು. ಆದರೆ ನೂರಾರು ಪಾತ್ರಗಳ ನಡೆಯನ್ನು ಏಕಕಾಲದಲ್ಲಿ ಲೆಕ್ಕಹಾಕುವುದೇ ಒಂದು ಆಟದ ಜೀವವಾಗಿದ್ದರೆ, ಅದನ್ನು ಕಡಿಮೆ ಮಾಡಿದಾಗ ಆಟವೇ ಬೇರೆಯಾಗುತ್ತದೆ. ಒಗ್ಗರಣೆ ಬಿಟ್ಟರೂ ಸಾರು ಸಾರೇ, ಬೇಳೆಯನ್ನೇ ಬಿಟ್ಟರೆ?

ಮೇಲಾಗಿ, ಯಾವುದನ್ನು ಬಿಡಬೇಕೆಂದು ತಿಳಿದು ಬಿಡುವುದಕ್ಕೂ ದುಡಿಮೆ ಬೇಕು, ಹಣ ಬೇಕು. ಆ ಶ್ರಮ ವಹಿಸದವರ ಕೈಯಲ್ಲಿ ಹಳೆಯ ಎಂಜಿನ್ನೂ ತಡವರಿಸುತ್ತದೆ. ವಹಿಸಿದವರ ಕೈಯಲ್ಲಿ ಹೊಸದೂ ಸಣ್ಣ ಯಂತ್ರಕ್ಕೆ ಒಗ್ಗುತ್ತದೆ. ಆದುದರಿಂದ ಎಂಜಿನ್ನಿನ ವಯಸ್ಸನ್ನು ವಿಚಾರಿಸುವುದಕ್ಕಿಂತ, ಹಣವೆಣಿಸುವ ಮುನ್ನ ಆ ಆಟ ತಮ್ಮಲ್ಲಿರುವಂಥ ಯಂತ್ರದಲ್ಲಿಯೇ ಓಡುವುದನ್ನು ಒಮ್ಮೆ ಕಣ್ಣಾರೆ ಕಾಣುವುದು ತಂದೆತಾಯಿಗಳಿಗೆ ಲೇಸು. ಜಾಹೀರಾತಿನಲ್ಲಿ ಬಡಿಸಿ ತೋರಿಸುವುದು ಬಹುಮಟ್ಟಿಗೆ ದೊಡ್ಡ ಮನೆಯ ಊಟವನ್ನೇ.