ಅಪ್ಪನ ಎಡಗಾಲು, ನನ್ನ ಎಕ್ಸೆಲ್ ಶೀಟು

ಅಪ್ಪ ಬಿದ್ದ ವಿಷಯ ಗೊತ್ತಾಗಿದ್ದು ಪಕ್ಕದ ಮನೆಯವರಿಂದ. ಡೈರಿಗೆ ಹಾಲು ಹಾಕಿ ಬರುತ್ತಾ ಏರಿನಲ್ಲಿ ಗಾಡಿ ಆಫ್ ಆಯಿತಂತೆ. ಕಿಕ್ ಹೊಡೆಯಲು ಹೋಗಿ ಎಡಕ್ಕೆ ಮಗುಚಿಕೊಂಡನಂತೆ. ಅವರೇ ಎತ್ತಿ ಕೂರಿಸಿದ್ದು. ಅಪ್ಪ ಮಾತ್ರ ಏನೂ ಆಗದವನ ಹಾಗೆ ಮನೆಗೆ ಬಂದು, ಕಾಫಿ ಕುಡಿದು, ಪೇಪರ್ ಓದುತ್ತಾ ಕೂತಿದ್ದ. ಅವತ್ತು ರಾತ್ರಿ ಅಮ್ಮನ ಫೋನು: "ಇನ್ನು ಬೈಕ್ ಮುಟ್ಟಬೇಡ ಅಂತ ನೀನೇ ಹೇಳು. ನನ್ ಮಾತಂತೂ ಕೇಳಲ್ಲ."

ಅಪ್ಪನಿಗೆ ಮೂರು ವರ್ಷವಿದ್ದಾಗ ಪೋಲಿಯೋ ಬಂದಿತ್ತು. ಎಡಗಾಲು ಬಲಗಾಲಿನ ಅರ್ಧ ದಪ್ಪ. 2014ರಲ್ಲಿ ಭಾರತ ಪೋಲಿಯೋಮುಕ್ತ ಅಂತ ಸುದ್ದಿ ಬಂದಾಗ, "ಒಳ್ಳೇದಾಯ್ತು, ನಾನು ಸ್ವಲ್ಪ ಅವಸರ ಮಾಡಿ ಹುಟ್ಟಿಬಿಟ್ಟೆ" ಅಂದಿದ್ದ. ಈಗ ಅರವತ್ತು ದಾಟಿದ ಮೇಲೆ ಆ ಕಾಲು ಇನ್ನಷ್ಟು ಸೋಲುತ್ತಿದೆ. ಪೋಲಿಯೋ ಬಂದುಹೋದ ಎಷ್ಟೋ ದಶಕಗಳ ನಂತರ ಹೀಗೆ ಮತ್ತೆ ಶಕ್ತಿ ಕುಂದುವುದುಂಟು ಅಂದರು ಡಾಕ್ಟರು.

ನಾನೋ ಸಾಫ್ಟ್‌ವೇರ್ ಪ್ರಾಣಿ. ಏನೇ ಕಷ್ಟ ಬಂದರೂ ಮೊದಲು ಎಕ್ಸೆಲ್ ತೆರೆಯುವವನು. ಒಂದು ಕಾಲಮ್ಮಿನಲ್ಲಿ ತೂಕ, ಇನ್ನೊಂದರಲ್ಲಿ ಸೀಟಿನ ಎತ್ತರ. ಪ್ಲಾಟಿನಾ 100, 117 ಕೆ.ಜಿ., 807 ಮಿ.ಮೀ. ಸ್ಪ್ಲೆಂಡರ್ ಪ್ಲಸ್, 112 ಕೆ.ಜಿ., 785 ಮಿ.ಮೀ. ಶೈನ್ 100, ಬರೀ 99 ಕೆ.ಜಿ., 786 ಮಿ.ಮೀ. ಇವೆಲ್ಲಕ್ಕಿಂತ ಮೇಲೆ ಹಸಿರು ಬಣ್ಣ ಬಳಿದು ಇಟ್ಟಿದ್ದು, ಪಕ್ಕಕ್ಕೆ ಎರಡು ಚಕ್ರ ಹಾಕಿಸಿದ ಸ್ಕೂಟರ್. ವಾರಾಂತ್ಯಕ್ಕೆ ಊರಿಗೆ ಹೋಗಿ ತೋರಿಸಿದೆ.

"ಇದು ತೋಟದ ಕಾಲುದಾರೀಲಿ ಹಿಡಿಸತ್ತಾ?" ಅಂದ ಅಪ್ಪ.

ಕಾಲುದಾರಿಗೆ ನನ್ನ ಶೀಟಿನಲ್ಲಿ ಕಾಲಮ್ಮೇ ಇರಲಿಲ್ಲ!

"ನೋಡು, ಓಡ್ಸಕ್ಕೆ ಕಾಲು ಬೇಡ. ನಿಲ್ಸಕ್ಕೆ ಬೇಕು" ಅಂತ ಶುರು ಮಾಡಿದ. ಎಲ್ಲರೂ ಎಡಗಾಲು ಊರಿ, ಬಲಗಾಲನ್ನು ಬ್ರೇಕಿನ ಮೇಲಿಟ್ಟು ನಿಲ್ಲುತ್ತಾರೆ. ಅಪ್ಪ ಕೈಬ್ರೇಕು ಹಿಡಿದು, ಬಲಕ್ಕೆ ವಾಲಿ, ಬಲಗಾಲು ಊರುತ್ತಾನೆ. ಕಿಕ್ ಹೊಡೆಯಬೇಕಾದರೆ ಬಲಗಾಲು ಮೇಲೆ, ಮೈಭಾರವೆಲ್ಲ ಎಡಗಾಲಿಗೆ. ಅವತ್ತು ಬಿದ್ದಿದ್ದು ಅದಕ್ಕೇ. ಹಾಗಾಗಿ ಸೆಲ್ಫ್ ಸ್ಟಾರ್ಟ್ ಬೇಕೇ ಬೇಕು. ಸೈಡ್ ಸ್ಟ್ಯಾಂಡ್ ಎಡಕ್ಕಿರುತ್ತೆ, ಅದನ್ನು ತಳ್ಳುವುದೂ ಎಡಗಾಲಲ್ಲೇ. ಆದರೆ ಮೇನ್ ಸ್ಟ್ಯಾಂಡ್ ಹಾಕಲು ಒತ್ತುವುದು ಬಲಗಾಲು. ಇನ್ನು ಗೇರು. ಅಪ್ಪನಿಗೆ ಪಾದವನ್ನು ಕೆಳಗೆ ಒತ್ತಲು ಬರುತ್ತೆ, ಬೆರಳ ಕಡೆಯಿಂದ ಮೇಲಕ್ಕೆ ಎತ್ತಲು ಆಗಲ್ಲ. ಸ್ಪ್ಲೆಂಡರಿನಲ್ಲಿ ಮುಂದೆ ಒತ್ತಿದರೆ ಗೇರು ಏರುತ್ತೆ, ಹಿಮ್ಮಡಿಯಲ್ಲಿ ಒತ್ತಿದರೆ ಇಳಿಯುತ್ತೆ. ಎತ್ತುವ ಕೆಲಸವೇ ಇಲ್ಲ.

ಇಷ್ಟು ವರ್ಷ ಅದೇ ಬೈಕಿನ ಹಿಂದೆ ಕೂತು ಶಾಲೆಗೆ ಹೋದವನು ನಾನು. ಒಂದು ದಿನವೂ ಇದನ್ನು ಗಮನಿಸಿರಲಿಲ್ಲ.

ಸಾಗರದ ಶೋರೂಮಿನಲ್ಲಿ ಸ್ಪ್ಲೆಂಡರ್ ಮೇಲೆ ಕೂತ ಅಪ್ಪ, "ನೀನು ಸ್ವಲ್ಪ ಆಚೆ ನಿಲ್ಲು" ಅಂದ. ಬಲಕ್ಕೆ ವಾಲಿಸಿ, ಮತ್ತೆ ನೆಟ್ಟಗೆ ಮಾಡಿದ. ಆಮೇಲೆ ನಿಧಾನಕ್ಕೆ ಎಡಕ್ಕೆ. ನಾನು ಓಡಿ ಹೋಗಿ ಹಿಡಿದುಕೊಂಡೆ. "ಹಿಡೀಬೇಡ ಮಾರಾಯ. ಎಡಕ್ಕೆ ಹೋದ್ರೆ ನಾನು ಬಿಟ್ಟುಬಿಡ್ತೀನಿ. ಗಾಡಿ ಹೋದ್ರೆ ಹೋಗ್ಲಿ, ಕಾಲು ಹೋಗ್ಬಾರ್ದು" ಅಂದ. ಸೇಲ್ಸ್ ಹುಡುಗ ಗಾಬರಿಯಿಂದ ನನ್ನ ಮುಖ ನೋಡಿದ.

ನನ್ನ ಶೀಟಿನ ಪ್ರಕಾರ 13 ಕೆ.ಜಿ. ಹಗುರವಿರುವ ಶೈನ್ ಗೆಲ್ಲಬೇಕಿತ್ತು. "ಈ ಗೇರು ನನ್ ಕಾಲಿಗೆ ಗೊತ್ತು. ಹೊಸದು ಕಲಿಯೋ ವಯಸ್ಸಲ್ಲ ಅದಕ್ಕೆ" ಅಂದ. ಸ್ಪ್ಲೆಂಡರ್ ತಗೊಂಡೆವು. ಮುಂದೆ ಲೆಗ್‌ಗಾರ್ಡ್ ಹಾಕಿಸಿ, ಸೀಟು ಹೊಲಿಯುವವನ ಹತ್ತಿರ ಒಂದಿಂಚು ಸ್ಪಂಜು ಕೊರೆಸಿದೆವು.

ಮನೆಗೆ ಹೊಸ ಗಾಡಿಯಲ್ಲಿ ಅಪ್ಪ ಮುಂದೆ, ನಾನು ಹಿಂದೆ. ಗೇಟಿನ ಹತ್ತಿರ ಬಲಕ್ಕೆ ವಾಲಿ ಕಾಲು ಊರಿದ. ನೆಲಕ್ಕಲ್ಲ, ಅಲ್ಲಿದ್ದ ಒಂದು ಜಂಬಿಟ್ಟಿಗೆ ಕಲ್ಲಿನ ಮೇಲೆ. ಚಿಕ್ಕವನಿದ್ದಾಗ ಕ್ರಿಕೆಟ್ ಆಡುತ್ತಾ ಎಷ್ಟು ಸಲ ಆ ಕಲ್ಲು ಎಡವಿ ಉಗುರು ಕಿತ್ತುಕೊಂಡಿದ್ದೇನೋ. ತೆಗೆದು ಬಿಸಾಕಿ ಅಂತ ಎಷ್ಟು ಸಲ ಜಗಳ ಆಡಿದ್ದೇನೋ. ಅಪ್ಪ ಸುಮ್ಮನೆ ನಗುತ್ತಿದ್ದ.

ಬಾಗಿಲಲ್ಲಿ ಅಮ್ಮ ನಿಂತಿದ್ದಳು. ನಾನು ಅವಳ ಮುಖ ನೋಡಲಿಲ್ಲ. ಬಗ್ಗಿ, ಅಲ್ಲಾಡುತ್ತಿದ್ದ ಆ ಕಲ್ಲಿನ ಕೆಳಗೆ ಒಂದಿಷ್ಟು ಜಲ್ಲಿ ತುರುಕಿ ಗಟ್ಟಿ ಮಾಡಿದೆ.